ಕೆಂಪು ಕಾಗದ ಮುಚ್ಚಿದ ಮೇಲೆ

ನನ್ನ ಬಲಗೈ ಹೆಬ್ಬೆರಳಿನ ಉಗುರನ್ನು ನಾನು ಇವತ್ತಿಗೂ ಪೂರ್ತಿ ಕತ್ತರಿಸುವುದಿಲ್ಲ. ಹಾವೇರಿಯಲ್ಲಿರುವ ಮಗಳು ಬಂದಾಗಲೆಲ್ಲ ನೇಲ್‌ಕಟರ್ ಹಿಡಿದು ಬೆನ್ನು ಹತ್ತುತ್ತಾಳೆ. "ಯವ್ವಾ, ಎಲ್ಲಾ ಉಗುರು ತಗಸ್ತಿ, ಇದನ್ನಷ್ಟ ಯಾಕ ಬಿಡ್ತಿ? ಇದೇನ್ ನಿನ್ನ ತವರುಮನಿಂದ ಬಂದೈತೇನು?" ಎಂದು ಕಾಡುತ್ತಾಳೆ. ತವರಿನಿಂದ ಬಂದದ್ದಲ್ಲ, ಅತ್ತೆ ಮನೆಗೆ ಬಂದ ಮೇಲೆ ಬೆಳೆದದ್ದು ಎಂದು ನಾನು ಕೈ ಹಿಂದಕ್ಕೆಳೆದುಕೊಳ್ಳುತ್ತೇನೆ.

ಆ ಉಗುರಿಗೆ ಒಂದು ಕಾಲದಲ್ಲಿ ಕೆಲಸವಿತ್ತು. ರಾಣೆಬೆನ್ನೂರು ಸೀಮೆಯಲ್ಲಿ ಬೀಜದ ಹತ್ತಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಎರಡು ತಳಿ ಬೆರೆಸಿ ಬೀಜ ಮಾಡುವ ಇಂಥ ಹೊಲದಲ್ಲಿ ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ನಾಳೆ ಅರಳಲಿರುವ ಹೆಣ್ಣು ಸಾಲಿನ ಮೊಗ್ಗನ್ನು ಇವತ್ತು ಸಂಜೆಯೇ ಗುರುತು ಹಿಡಿದು, ಹೆಬ್ಬೆರಳ ಉಗುರನ್ನು ಅದರ ಬುಡಕ್ಕೆ ಊರಿ, ಪಕಳೆಯನ್ನೂ ಅದರ ಪರಾಗವನ್ನೂ ಒಟ್ಟಿಗೆ ಸುಲಿದು ತೆಗೆಯಬೇಕು. ನಡುವೆ ಒಂದು ಎಳೆಯ ಕಡ್ಡಿ ಮಾತ್ರ ಉಳಿಯುತ್ತದೆ. ಅದಕ್ಕೆ ಪೆಟ್ಟಾಗಬಾರದು. ಅದರ ಮೇಲೆ ಕೆಂಪು ಕಾಗದದ ಸಣ್ಣ ಚೀಲ ಮುಚ್ಚಿ ಮನೆಗೆ ಹೋಗಬೇಕು. ಮರುದಿನ ಬಿಸಿಲೇರುವಾಗ ಬಂದು, ಕಾಗದ ತೆಗೆದು, ಗಂಡು ಸಾಲಿನ ಹೂವನ್ನು ತಂದು ಆ ಕಡ್ಡಿಯ ತುದಿಗೆ ಸವರಬೇಕು. ಇದಕ್ಕೆ ನಮ್ಮ ಕಡೆ ಕ್ರಾಸಿಂಗ್ ಎನ್ನುತ್ತಾರೆ. ಸುಲಿಯುವುದು ಸಂಜೆಯ ಕೆಲಸ, ಸವರುವುದು ಬೆಳಗಿನ ಕೆಲಸ. ನಡುವಿನ ರಾತ್ರಿಯಲ್ಲಿ ಯಾರಿಗೂ ಕೆಲಸವಿಲ್ಲ.

ನಮ್ಮ ಹೊಲ ಇದ್ದದ್ದು ಮೇಡ್ಲೇರಿಯಲ್ಲಿ, ಹೊಳೆಯ ನೀರು ಹಾಯುವ ಭೂಮಿ. ನನ್ನ ಅತ್ತೆ ಅದರ ಯಜಮಾನಿ. ನಮ್ಮದು ಅಜ್ಜ ಮುತ್ತಜ್ಜನ ಕಾಲದಿಂದ ಕ್ರೈಸ್ತ ಮನೆತನ. ಆದರೆ ಹೊಲಕ್ಕೆ ಬರುವ ಹೆಂಗಸರಲ್ಲಿ ಎಲ್ಲ ಓಣಿಯವರೂ ಇದ್ದರು. ಅತ್ತೆ ಒಂದು ಪದ್ಧತಿ ಇಟ್ಟಿದ್ದರು. ಸಂಜೆ ಕೊನೆಯ ಮೊಗ್ಗಿಗೆ ಕಾಗದ ಮುಚ್ಚಿದ ಮೇಲೆ ಎಲ್ಲರೂ ಬದುವಿನ ಮೇಲೆ ನಿಲ್ಲಬೇಕು. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿ ಹೇಳುತ್ತಿದ್ದರು: "ತಂದೀ, ನಮ್ಮ ಕೈಲೆ ಆಗೂದು ಆತು. ಇನ್ನ ರಾತ್ರಿದು ನಿಂದು. ಬೆಳಗಾಗೂತನ ನಾವು ಈ ಕಡೆ ಬರೂದಿಲ್ಲ." ಅಷ್ಟೇ ಪ್ರಾರ್ಥನೆ. ಇದನ್ನು ಅವರು "ಹೊಲಾ ಒಪ್ಪಸೂದು" ಎನ್ನುತ್ತಿದ್ದರು. ಆಮೇಲೆ ಯಾರೂ ಆ ಸಾಲುಗಳ ಕಡೆ ತಿರುಗಿ ಹೋಗುವಂತಿರಲಿಲ್ಲ. ಕುಡಗೋಲು ಮರೆತರೂ ಸರಿ, ಬುತ್ತಿಯ ಡಬ್ಬಿ ಮರೆತರೂ ಸರಿ, ಬೆಳಿಗ್ಗೆಯೇ.

ನಾನು ಬ್ಯಾಡಗಿಯ ಹುಡುಗಿ. ನನ್ನ ಅಪ್ಪ ಮೆಣಸಿನಕಾಯಿ ಪೇಟೆಯಲ್ಲಿ ರಾಶಿ ಕಾಯುವ ಕೆಲಸ ಮಾಡುತ್ತಿದ್ದ. ನಮ್ಮ ಮನೆಯಲ್ಲಿ ರಾತ್ರಿ ಎಂದರೆ ಕಾವಲು. ರಾಶಿಯ ಮೇಲೆ ಕಣ್ಣಿಟ್ಟವನೇ ಗಂಡಸು, ಕಣ್ಣು ಮುಚ್ಚಿದವನು ಕೆಲಸ ಕಳೆದುಕೊಂಡ, ಅಷ್ಟೇ ನಮಗೆ ಗೊತ್ತಿದ್ದ ಧರ್ಮ. ಅಂಥವಳಿಗೆ ಈ "ಬೆಳಗಾಗೂತನ ಬರೂದಿಲ್ಲ" ಎನ್ನುವ ಮಾತು ಹೇಗೆ ರುಚಿಸಬೇಕು? ಇಷ್ಟು ನಾಜೂಕಿನ ಮೊಗ್ಗುಗಳನ್ನು ಬಯಲಲ್ಲಿ ಬಿಟ್ಟು, ದೇವರಿಗೆ ನೋಡಿಕೋ ಎಂದು ಹೇಳಿ, ಊಟ ಮಾಡಿ ಮಲಗುವುದು ನನಗೆ ಸೋಮಾರಿತನದಂತೆ ಕಂಡಿತು.

ಮದುವೆಯಾದ ವರ್ಷವೇ ಒಂದು ದಿನ ಊಟವಾದ ಮೇಲೆ ಗಂಡನ ಟಾರ್ಚ್ ಎತ್ತಿಕೊಂಡು ಹೊಲಕ್ಕೆ ಹೋದೆ. ನಾನು ಸುಲಿದ ಮೊಗ್ಗುಗಳಲ್ಲಿ ಎಲ್ಲಾದರೂ ಪರಾಗ ಉಳಿದುಬಿಟ್ಟಿದೆಯೋ ಎಂಬ ಹುಳು ತಲೆಗೆ ಹೊಕ್ಕಿತ್ತು. ಒಂದೊಂದೇ ಕಾಗದ ತೆಗೆದು ನೋಡಿದೆ, ಮತ್ತೆ ಮುಚ್ಚಿದೆ. ಎಲ್ಲವೂ ಸರಿಯಾಗಿದ್ದವು. ಸಮಾಧಾನದಿಂದ ಬಂದು ಮಲಗಿದೆ. ಬೆಳಿಗ್ಗೆ ನೋಡಿದರೆ ನಾನು ಕತ್ತಲೆಯಲ್ಲಿ ಮುಚ್ಚಿದ ಕಾಗದಗಳು ಅರ್ಧಕ್ಕರ್ಧ ನೆಲದ ಮೇಲೆ ಬಿದ್ದಿದ್ದವು. ಜೇನುನೊಣಗಳು ನಮಗಿಂತ ಮೊದಲೇ ಬಂದು ಎಲ್ಲಿಯದೋ ಪರಾಗ ಸವರಿ ತಮ್ಮ ಕೆಲಸ ಮುಗಿಸಿದ್ದವು. ಒಂದಿಷ್ಟು ಕಡ್ಡಿಗಳು ನನ್ನ ಬೆರಳು ತಾಗಿ ಬಾಡಿದ್ದವು. ಇಡೀ ಸಾಲಿನ ಹೂವನ್ನು ಕಿತ್ತು ಒಗೆಯಬೇಕಾಯಿತು.

ಹೆಂಗಸರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರ ಪೈಕಿ ನನ್ನ ವಾರಿಗೆಯ ಒಬ್ಬ ಮುಸಲ್ಮಾನರ ಹೆಣ್ಣುಮಗಳು ಇದ್ದಳು. ಎಲ್ಲರೂ ಅವಳನ್ನು ಬೂಬೂ ಎಂದೇ ಕರೆಯುತ್ತಿದ್ದರು. ಅವಳು ಅತ್ತೆಯ ಮುಂದೆಯೇ, "ಸೊಸಿ ಬ್ಯಾಡಗ್ಯಾಕಿ ಅಲ್ರಿ ಯವ್ವಾ, ಮೊಗ್ಗಿಗೂ ಪಹರೆ ಕೊಟ್ಟಾಳ" ಎಂದಳು. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ಬಿದ್ದ ಕಾಗದಗಳನ್ನು ಆರಿಸುತ್ತ, "ಒಪ್ಪಿಸಿದ್ದನ್ನ ತಿರುಗಿ ಮುಟ್ಟಬಾರದವ್ವ. ಅಂವ ನೋಡ್ಕೋತಿದ್ದ, ನೀ ನಡಬರ್ಕ ಕೈ ಹಾಕಿದಿ" ಎಂದರು. ನನಗೆ ಅವಮಾನವಾಗಿತ್ತು, ಆ ಮಾತು ಕಿವಿಯಲ್ಲಿ ಉಳಿಯಿತೇ ಹೊರತು ಎದೆಗೆ ಇಳಿಯಲಿಲ್ಲ.

ಆಮೇಲೆ ವರ್ಷಗಟ್ಟಲೆ ಕ್ರಾಸಿಂಗ್ ಮಾಡಿದೆ. ಅತ್ತೆ ತೀರಿಕೊಂಡ ಮೇಲೆ ಬದುವಿನ ಮೇಲೆ ನಿಂತು ಒಪ್ಪಿಸುವ ಪಾಳಿ ನನಗೇ ಬಂತು. ಅದೇ ಮಾತು, ಅದೇ ಸೆರಗು. ದಿನವಿಡೀ ದುಡಿದ ಮೈ, ತಲೆದಿಂಬಿಗೆ ತಲೆ ತಾಗಿದರೆ ಸಾಕು, ನಿದ್ದೆ. ಅದು ನನ್ನ ನಂಬಿಕೆಯ ಫಲ ಎಂದು ನಾನು ತಿಳಿದಿದ್ದೆ. ಅದು ಬರೀ ದಣಿವು ಎಂದು ಗೊತ್ತಾದದ್ದು ಮೊಣಕಾಲು ಹಿಡಿದುಕೊಂಡು, ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ ಕೊಟ್ಟು, ನಾವಿಬ್ಬರೂ ರಾಣೆಬೆನ್ನೂರಿಗೆ ಬಂದು ಮನೆ ಮಾಡಿದ ಮೇಲೆ.

ನಾವು ರಾಣೆಬೆನ್ನೂರಿಗೆ ಬಂದ ಮಾರನೆಯ ವರ್ಷ ನನ್ನವರಿಗೆ ಎದೆನೋವು ಬಂತು. ಹುಬ್ಬಳ್ಳಿಗೆ ಒಯ್ದರು, ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು, ವಾರದೊಳಗೆ ಮನೆಗೆ ಬಂದರು. ಮೊದಲಿಗಿಂತ ಲವಲವಿಕೆಯಿಂದಲೇ ಓಡಾಡತೊಡಗಿದರು. ಕೆಟ್ಟದ್ದು ನನ್ನ ತಲೆ. ಅವರು ಗೊರಕೆ ಹೊಡೆಯುವುದು ಮದುವೆಯಾದಾಗಿನಿಂದ ಇದ್ದದ್ದೇ. ಆದರೆ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ ಎನ್ನುವುದನ್ನು ನಾನು ಗಮನಿಸಿದ್ದು ಆಗಲೇ. ಗರ್ ಗರ್ ಎನ್ನುತ್ತಿದ್ದದ್ದು ಒಮ್ಮೆಲೇ ಬಂದ್. ಏನೂ ಇಲ್ಲ. ಹೊದಿಕೆ ಅಲುಗುವುದಿಲ್ಲ. ನನ್ನ ಜೀವ ಬಾಯಿಗೆ ಬರುತ್ತಿತ್ತು. ಹೆಬ್ಬೆರಳ ಉಗುರಿನಿಂದ ಅವರ ಪಕ್ಕೆಗೆ ತಿವಿಯುತ್ತಿದ್ದೆ. ಅವರು ಹೌಹಾರಿ ಏಳುತ್ತಿದ್ದರು.

"ಏನಾತ?"

"ಏನಿಲ್ರಿ, ಮಗ್ಗಲಕ್ಕ ಹೊಳ್ಳಿ ಮಲಕ್ಕೋರಿ."

"ಹೊಳ್ಳಾಕ ಎಬ್ಬಸ್ಬೇಕೇನ? ನಾ ನಿದ್ದಿಗಣ್ಣಾಗ ಹೊಳ್ಳತೇನಿ, ಬಿಡ ನನ್ನ."

ದಿನಾ ಇದೇ ಆಯಿತು. ನಾನು ಮಲಗಿದರೆ ಅವರ ಉಸಿರು ನಿಂತೇ ಹೋಗುತ್ತದೆ, ನನ್ನ ಕೈಯೇ ಅದನ್ನು ಮತ್ತೆ ಎಳೆದು ತರುತ್ತಿದೆ ಎಂದು ನಾನು ಪೂರಾ ನಂಬಿದ್ದೆ. ಇದು ಹುಚ್ಚು ಎಂದು ಹಗಲಿನಲ್ಲಿ ಅನಿಸುತ್ತಿತ್ತು. ದೀಪ ಆರಿಸಿದ ಕೂಡಲೇ ಅದೇ ಸತ್ಯವಾಗುತ್ತಿತ್ತು. ಪ್ರಾರ್ಥನೆ ಮಾಡುತ್ತಿರಲಿಲ್ಲವೇ ಎಂದರೆ, ಮಾಡುತ್ತಿದ್ದೆ. ಕಿವಿಯನ್ನು ಅವರ ಮೂಗಿನ ಕಡೆ ಇಟ್ಟುಕೊಂಡು ಮಾಡುತ್ತಿದ್ದೆ. ಕರ್ತನೇ, ಇವರನ್ನು ಕಾಪಾಡು, ನಾನೂ ನೋಡುತ್ತಿದ್ದೇನೆ ಎನ್ನುವ ಧಾಟಿ. ಅದಕ್ಕೆ ಉಸ್ತುವಾರಿ ಎನ್ನಬಹುದೇ ಹೊರತು ಪ್ರಾರ್ಥನೆ ಎನ್ನಲಾಗದು.

ಮಗಳು ಹಾವೇರಿಯ ಒಬ್ಬ ಡಾಕ್ಟರ ಹತ್ತಿರ ಇಬ್ಬರನ್ನೂ ಕರೆದುಕೊಂಡು ಹೋದಳು. ಅವರು ನನ್ನವರಿಗೆ ನಿದ್ದೆಯ ಪರೀಕ್ಷೆಯನ್ನೂ ಮಾಡಿಸಿದರು. ತೊಂದರೆ ಇದೆ, ಆದರೆ ಸೌಮ್ಯವಾಗಿದೆ, ಅಂಗಾತ ಮಲಗಬಾರದು, ಮಗ್ಗುಲಾಗಿ ಮಲಗಬೇಕು, ಆರು ತಿಂಗಳಿಗೊಮ್ಮೆ ತೋರಿಸಬೇಕು ಎಂದರು. ಆಮೇಲೆ ನನ್ನ ಕಣ್ಣ ಕೆಳಗಿನ ಕಪ್ಪನ್ನು ನೋಡಿ, "ಯಜಮಾನ್ರು ಆರಾಮ ಅದಾರ ಅಮ್ಮಾ. ನೀವ ಆರಾಮಿಲ್ಲ" ಎಂದರು. ನನಗೆ ನಿದ್ದೆಗೆ ಒಂದು ಗುಳಿಗೆ ಬರೆದುಕೊಟ್ಟರು. ನಾನು ಅದನ್ನು ತೆಗೆದುಕೊಳ್ಳಲೇ ಇಲ್ಲ. ನಾನು ಗುಳಿಗೆ ನುಂಗಿ ಬಿದ್ದುಕೊಂಡರೆ ಇವರನ್ನು ಯಾರು ನೋಡಬೇಕು?

ಅದರ ಬದಲು ನನ್ನವರ ಬನಿಯನ್ನಿನ ಬೆನ್ನಿಗೆ ಒಂದು ಜೇಬು ಹೊಲಿದು, ಅದರೊಳಗೆ ಕಾಳು ಬಿಡಿಸಿದ ಗೋವಿನಜೋಳದ ತೆನೆಯ ದಿಂಡನ್ನು ಇಟ್ಟೆ. ಅಂಗಾತ ಮಲಗಿದರೆ ಅದು ಒತ್ತಬೇಕು, ಅವರು ಮಗ್ಗುಲಾಗಬೇಕು. ಇದು ಕೆಲಸ ಮಾಡಿತು. ಆದರೂ ನಾನು ಎದ್ದಿರುವುದನ್ನು ಬಿಡಲಿಲ್ಲ, ಏಕೆಂದರೆ ದಿಂಡು ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಬೇಕಿತ್ತಲ್ಲ! ಅವರು ಒಂದು ದಿನ ಬನಿಯನ್ನು ಬಿಚ್ಚಿ ನನ್ನ ಕೈಗಿಟ್ಟು, "ಹಗಲೆಲ್ಲಾ ಡಾಕ್ಟರ್ ಹೇಳಿದ್ದ ಗುಳಿಗಿ, ರಾತ್ರಿಯೆಲ್ಲಾ ನಿನ್ನ ದಿಂಡು ಮತ್ತ ನಿನ್ನ ಉಗುರು. ಹಾರ್ಟ್‌ನಿಂದ ಸಾಯೂದಿಲ್ಲ ನಾ, ನಿನ್ನ ಕಾಳಜಿಯಿಂದ ಸಾಯತೇನಿ" ಎಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಭಾನುವಾರ ಚರ್ಚಿನ ಆರಾಧನೆಯಲ್ಲಿ ಪಾದ್ರಿ ಅಯ್ಯನವರ ಪ್ರಸಂಗ ಶುರುವಾದರೆ ಸಾಕು, ನನ್ನ ಕತ್ತು ಜೋಲುತ್ತಿತ್ತು. ಸಭೆಯ ಹೆಂಗಸರ ಕೂಟದಲ್ಲಿ ಭಯಪಡುವವರಿಗೆ ಧೈರ್ಯದ ಮಾತು ಹೇಳುವ ಹಿರಿಯಳು ನಾನು. ಗಂಡ ತೀರಿಹೋದವರ, ಮಕ್ಕಳ ಚಿಂತೆಯವರ ಕೈ ಹಿಡಿದು, ಭಾರವನ್ನು ಅವನ ಮೇಲೆ ಹಾಕಿಬಿಡವ್ವ ಎಂದು ಎಷ್ಟು ಸಲ ಹೇಳಿಲ್ಲ. ಆ ಮಾತು ನನ್ನ ಬಾಯಲ್ಲಿ ಈಗ ಕಲಸಿದ ಹಿಟ್ಟಿನಂತೆ ಅಂಟಿಕೊಳ್ಳುತ್ತಿತ್ತು. ಯಾರಿಗೂ ಹೇಳಲಿಲ್ಲ. ಕೂಟಕ್ಕೆ ಹೋಗುವುದನ್ನೇ ಕಡಿಮೆ ಮಾಡಿದೆ.

ಹೀಗೇ ನಡೆದಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತೋ. ಒಂದು ದಿನ ಬ್ಯಾಡಗಿಗೆ ಹೋದೆ, ತಂಗಿಯ ಮನೆಯಿಂದ ವರ್ಷಕ್ಕಾಗುವ ಮೆಣಸಿನಕಾಯಿ ತರಲಿಕ್ಕೆ. ಮಧ್ಯಾಹ್ನದ ಬಸ್ಸಿಗೆ ಮರಳಿ ಹೊರಟೆ, ದಾವಣಗೆರೆಗೆ ಹೋಗುವ ಬಸ್ಸು, ನಡುವೆ ರಾಣೆಬೆನ್ನೂರಿನಲ್ಲಿ ಇಳಿಯಬೇಕು. ಮೆಣಸಿನಕಾಯಿಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕಿಟಕಿಗೆ ತಲೆ ಆನಿಸಿದ್ದಷ್ಟೇ ನೆನಪು. ಎಚ್ಚರವಾದಾಗ ಕೆಳಗೆ ಹೊಳೆ ಕಾಣಿಸಿತು, ಬಸ್ಸು ಹರಿಹರದ ಸೇತುವೆಯ ಮೇಲಿತ್ತು. ಸುತ್ತಲಿನವರೆಲ್ಲ ನನ್ನ ಚೀಲದ ಘಾಟಿಗೆ ಸೀನುತ್ತಿದ್ದರು. ಕಂಡಕ್ಟರ್, "ಅಜ್ಜಿ, ಎಬ್ಬಸಿದ್ನಲ್ಲ, 'ನೋಡಾಕತ್ತೇನಿ, ನೋಡಾಕತ್ತೇನಿ' ಅಂದು ಮತ್ತ ಮಲಗಿದ್ರಿ" ಎಂದ. ನಾನು ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿಗೆ ತಿರುಗಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಲ್ಲಿ ಬೆಂಚಿನ ಮೇಲೆ ನನ್ನವರು ಕುಳಿತಿದ್ದರು. ಅಂಗಿಯೆಲ್ಲ ಬೆವರಿನಿಂದ ತೊಯ್ದು, ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡಿದ್ದರು. ತಂಗಿಗೆ ಫೋನ್ ಮಾಡಿ, ನಾನು ಯಾವಾಗಲೋ ಹೊರಟಿದ್ದೇನೆ ಎಂದು ತಿಳಿದು, ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಓಡಿ ಓಡಿ ನೋಡಿದ್ದರಂತೆ. ಎದೆನೋವಿಲ್ಲ, ಓಡಿದ ಏದುಸಿರಷ್ಟೇ ಎಂದರು. ಇವರನ್ನು ಉಳಿಸಬೇಕೆಂದು ನಾನು ನಿದ್ದೆಗೆಟ್ಟು ರಾತ್ರಿಗಳನ್ನು ಕಳೆದಿದ್ದೆ. ಅದೇ ನಿದ್ದೆಗೇಡು ಇವರನ್ನು ಈ ಬೆಂಚಿಗೆ ತಂದು ಕೂರಿಸಿತ್ತು. ಅವರು ಬೈಯುತ್ತಾರೆ ಎಂದುಕೊಂಡೆ. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, "ನಾಳಿ ಮೇಡ್ಲೇರಿಗೆ ಹೋಗೂಣು ನಡಿ. ಕ್ರಾಸಿಂಗ್ ನಡದೈತಂತ. ಬೂಬೂ ನಿನ್ನ ಕೇಳಾಕತ್ತಾಳ ಅಂತ ಲಾವಣಿಯವ ಹೇಳಿದ್ದ" ಎಂದರು.

ಮರುದಿನ ಸಂಜೆ ಹೊಲ ಮುಟ್ಟಿದಾಗ ಹೆಂಗಸರು ಸಾಲುಗಳಲ್ಲಿ ಬಗ್ಗಿದ್ದರು. ಸುಲಿದು ಒಗೆದ ಪಕಳೆಗಳಿಂದ ನೆಲ ಬೆಳ್ಳಗಾಗಿತ್ತು. ಬೂಬೂ ಈಗ ಕೆಲಸ ಮಾಡುವುದಿಲ್ಲ, ಅವಳ ಸೊಸೆ ಮಾಡುತ್ತಾಳೆ. ಇವಳು ಬದುವಿನ ಮೇಲೆ ಕುಳಿತು ಎಲ್ಲರಿಗೂ ಹುಕುಂ ಕೊಡುತ್ತಾಳೆ. ನನ್ನನ್ನು ನೋಡಿ, "ಯಾಕವಾ ಅಕ್ಕಾ, ಇಷ್ಟ್ಯಾಕ ಸೊರಗೀದಿ? ಪಟ್ನದಾಗ ಕೂಳ ಹಾಕೂದಿಲ್ಲೇನ ನಿನಗ?" ಎಂದಳು. ನಾನು ಸೀರೆ ಎತ್ತಿ ಕಟ್ಟಿಕೊಂಡು ಒಂದು ಸಾಲು ಹಿಡಿದೆ.

ಮೊಣಕಾಲು ನೋಯುತ್ತಿದ್ದರೂ ಕೈಗೆ ಎಲ್ಲವೂ ನೆನಪಿತ್ತು. ಉಗುರು ಬುಡಕ್ಕೆ ಊರುವುದು, ಸುತ್ತ ತಿರುಗಿಸುವುದು, ಸುಲಿದು ಎಳೆಯುವುದು. ಒಳಗಿನ ಕಡ್ಡಿ ಹಾಲಿನ ಬಣ್ಣದ್ದು, ಇನ್ನೂ ಎಳೆಯದು. ಅದನ್ನು ನಾನು ಎಷ್ಟು ವರ್ಷ ನೋಡಿದ್ದೆ! ಆದರೂ ಆವತ್ತು ಮೊದಲ ಸಲ ನೋಡಿದಂತೆ ನೋಡಿದೆ. ಇಷ್ಟು ಬಡಕಲು ವಸ್ತುವನ್ನು ಹೊರಗೆ ಬಿಟ್ಟು ಹೋಗುತ್ತಿದ್ದೆವು, ದಿನಾ ಹೋಗುತ್ತಿದ್ದೆವು, ಮತ್ತು ದಿನಾ ಬೆಳಿಗ್ಗೆ ಅದು ಸಿದ್ಧವಾಗಿರುತ್ತಿತ್ತು. ಸಿದ್ಧ ಮಾಡಿದವರು ನಾವಲ್ಲ. ನಾವು ಸುಲಿದದ್ದು, ಮುಚ್ಚಿದ್ದು ಅಷ್ಟೇ. ಅಷ್ಟು ವರ್ಷ ಇದು ನನ್ನ ಕಣ್ಣ ಮುಂದೆಯೇ ನಡೆದಿತ್ತು, ನನಗೆ ಒಮ್ಮೆಯೂ ವಿಚಿತ್ರ ಅನ್ನಿಸಿರಲಿಲ್ಲ.

ಕೊನೆಯ ಮೊಗ್ಗಿಗೆ ಕಾಗದ ಮುಚ್ಚಿದ ಮೇಲೆ ಹೊಸ ಹೆಂಗಸರು ಬುತ್ತಿ ಎತ್ತಿಕೊಂಡು ಹೊರಟರು. ಈಗ ಹೊಲ ಬೇರೆಯವರ ಕೈಯಲ್ಲಿದೆ, ಆ ಪದ್ಧತಿ ಉಳಿದಿರಲಿಲ್ಲ. ಬೂಬೂ ಮಾತ್ರ ಎದ್ದು ನಿಂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನಿಂದರ್ರೆವಾ, ಯಜಮಾನತಿ ಬಂದಾಳ, ಹೊಲಾ ಒಪ್ಪಸ್ತಾಳ" ಎಂದು ಎಲ್ಲರನ್ನೂ ತಡೆದಳು. ಅವರು ಅರ್ಥವಾಗದೆ ನಿಂತರು. ನನ್ನವರು ಬದುವಿನ ಆ ತುದಿಯಲ್ಲಿ ಟೊಪ್ಪಿಗೆ ತೆಗೆದು ನಿಂತಿದ್ದರು.

ನಾನು ಕಣ್ಣು ಮುಚ್ಚಿದೆ. "ತಂದೀ, ನಮ್ಮ ಕೈಲೆ ಆಗೂದು ಆತು" ಎಂದೆ. ಆ ಮಾತನ್ನು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದೇನೆ. ಅದರ ಅರ್ಥ ಆವತ್ತು ಎದೆಗೆ ಇಳಿಯಿತು. ನನ್ನ ಕೈಯಿಂದ ಆಗುವುದು ಆಗಿತ್ತು. ಆಸ್ಪತ್ರೆ, ಗುಳಿಗೆ, ದಿಂಡು, ಎಲ್ಲವೂ ಆಗಿತ್ತು. ಆಮೇಲಿನದು ನನ್ನದಲ್ಲದ ಕೆಲಸ, ಅದನ್ನೇ ನಾನು ಹಿಡಿದುಕೊಂಡು ಕೂತಿದ್ದೆ. "ಇನ್ನ ರಾತ್ರಿದು ನಿಂದು" ಎಂದೆ. ಆಮೇಲೆ ನಾನು ಯೋಚಿಸದೇ ಇದ್ದ ಮಾತು ಬಾಯಿಂದ ಬಂತು: "ನಮ್ಮ ಮುದುಕನ್ನೂ ಒಪ್ಪಸೇನಿ. ಅವರ ಉಸರಾ ನಿಂದು. ಬೆಳಗಾಗೂತನ ನಾ ಆ ಕಡೆ ಬರೂದಿಲ್ಲ." ಬೂಬೂ ಆಮೀನ್ ಎಂದಳು. ಹೊಸ ಹುಡುಗಿಯರೂ ಅವಳ ಹಿಂದೆಯೇ ಅಂದರು. ಕಣ್ಣು ತೆರೆದಾಗ ಸಾಲುಗಳ ತುಂಬ ಕೆಂಪು ಕಾಗದಗಳು ಸಂಜೆಯ ಬೆಳಕಿನಲ್ಲಿ ನಿಂತಿದ್ದವು. ನನ್ನವರು ನನ್ನ ಕಡೆ ನೋಡದೆ ಟೊಪ್ಪಿಗೆಯ ಧೂಳು ಕೊಡವುತ್ತಿದ್ದರು. ತುಂಬ ಹೊತ್ತು ಕೊಡವಿದರು.

ಆ ದಿನ ನಾವು ಊರಿನ ಹಳೆಯ ಮನೆಯಲ್ಲೇ ಉಳಿದೆವು. ಹೇಳುವುದು ಸುಲಭ, ಮಲಗುವುದು ಕಷ್ಟ. ಅವರು ಮಲಗಿದ ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು, ಇನ್ನೂ ಸ್ವಲ್ಪ ಹೊತ್ತಿಗೆ ನಿಂತಿತು. ನನ್ನ ಕೈ ತಾನಾಗಿಯೇ ಹೊದಿಕೆಯೊಳಗಿಂದ ಹೊರಟಿತು. ಉಗುರು ಅವರ ಪಕ್ಕೆಯ ಹತ್ತಿರ ಹೋಗಿತ್ತು. ಬೆಳಗಾಗೂತನ ಬರೂದಿಲ್ಲ ಎಂದು ಅಷ್ಟು ಜನರ ಮುಂದೆ ಹೇಳಿದ್ದೆ. ಕೈಯನ್ನು ಹಿಂದಕ್ಕೆ ತಂದು ನನ್ನ ಎದೆಯ ಮೇಲೆ ಇಟ್ಟುಕೊಂಡೆ. ಜೀವಮಾನದಲ್ಲಿ ಅಷ್ಟು ಭಾರದ ವಸ್ತುವನ್ನು ನಾನು ಎತ್ತಿಲ್ಲ. ಮನೆಯೆಲ್ಲ ನಿಶ್ಶಬ್ದ.

ಆಮೇಲೆ ಉಸಿರು ಬಂತು.

ನಾನು ಏನೂ ಮಾಡಿರಲಿಲ್ಲ. ತಿವಿದಿರಲಿಲ್ಲ, ಕೂಗಿರಲಿಲ್ಲ. ಬಾವಿಯಿಂದ ಕೊಡ ಮೇಲೆ ಬಂದಂತೆ ನಿಧಾನವಾಗಿ ಎದೆ ತುಂಬಿತು, ಇಳಿಯಿತು, ಮತ್ತೆ ತುಂಬಿತು. ಅಷ್ಟು ದಿನ ನನ್ನ ಉಗುರಿನಿಂದ ಬರುತ್ತಿದೆ ಎಂದುಕೊಂಡಿದ್ದ ಉಸಿರು ಯಾರದೋ ಕೈಯಿಂದ ಬರುತ್ತಿತ್ತು, ಮತ್ತು ಆ ಕೈ ಈಗ ಈ ಕೋಣೆಯಲ್ಲಿ, ನನ್ನಿಂದ ಒಂದು ಮೊಳ ದೂರದಲ್ಲಿ ಕೆಲಸ ಮಾಡುತ್ತಿತ್ತು. ನನಗೆ ಹೆದರಿಕೆ ಆಯಿತು, ಆದರೆ ಅದು ಮೊದಲಿನ ಹೆದರಿಕೆಯಲ್ಲ. ದೊಡ್ಡವರೊಬ್ಬರು ಒಳಗೆ ಬಂದಾಗ ಎದ್ದು ನಿಲ್ಲಬೇಕೆನಿಸುತ್ತದಲ್ಲ, ಅಂಥದ್ದು. ಏಳಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವ ಮೊದಲೇ ನಿದ್ದೆ ಹತ್ತಿತು.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು. ನನ್ನವರು ಹಾಸಿಗೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಿದ್ದರು, ಕಣ್ಣು ಕೆಂಪಗಿದ್ದವು.

"ಯಾಕ್ರಿ, ಆರಾಮ ಇಲ್ಲೇನು?" ಎಂದು ಗಾಬರಿಯಿಂದ ಎದ್ದೆ.

"ನಾ ಆರಾಮ ಅದೇನಿ. ನೀನ... ನಸುಕಿನಾಗ ಎಚ್ಚರಾತು, ನೋಡ್ತೇನಿ, ನೀ ಅಲಗಾಡವಲ್ಲಿ. ದಿನಾ ತಿವಿಯಾಕಿ ಇವತ್ತ ತಿವೀಲಿಲ್ಲ ಅಂದ್ರ ಏನೋ ಆಗೇತಿ ಅಂತ ತಿಳದೆ. ಮೂಗಿನ ಮುಂದ ಬೆರಳ ಹಿಡದೆ. ಉಸರಾ ಬಿಸಿ ಇತ್ತು. ಆದ್ರೂ ಎದ್ದು ಹೋಗಾಕ ಧೈರ್ಯ ಆಗಲಿಲ್ಲ."

ಒಂದು ಗಳಿಗೆ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ನಾನು ನಗತೊಡಗಿದೆ. ಅವರಿಗೂ ನಗು ತಡೆಯಲಾಗಲಿಲ್ಲ. ನಾನು ಅವರನ್ನು ಒಪ್ಪಿಸಿದ್ದೆ, ನನ್ನನ್ನು ಒಪ್ಪಿಸುವುದನ್ನು ಮರೆತಿದ್ದೆ. ಒಪ್ಪಿಸದೆ ಇದ್ದರೂ ನನ್ನನ್ನು ಬೆಳಗಿನವರೆಗೆ ತಂದು ಮುಟ್ಟಿಸಲಾಗಿತ್ತು.

ಇಬ್ಬರೂ ಹೊಲಕ್ಕೆ ಹೋದೆವು. ನಾನು ನಿನ್ನೆ ಹಿಡಿದ ಸಾಲಿನ ಮೊದಲ ಕಾಗದ ತೆಗೆದೆ. ಒಳಗೆ ಆ ಕಡ್ಡಿ ಸಂಜೆಗಿಂತ ಉದ್ದವಾಗಿ, ನೆಟ್ಟಗೆ, ಸಿದ್ಧವಾಗಿ ನಿಂತಿತ್ತು. ನನ್ನವರು ಗಂಡು ಸಾಲಿನಿಂದ ಒಂದು ಹೂವು ಕಿತ್ತು ತಂದು ನನ್ನ ಕೈಗೆ ಕೊಟ್ಟರು. ಬೂಬೂ ಬದುವಿನ ಮೇಲಿಂದ, "ಮುದುಕ ಮುದುಕಿ ಹೂವ ಕೊಟ್ಟು ತಗೊಳ್ಳಾಕತ್ತಾರ ನೋಡ್ರೆ" ಎಂದು ಕೂಗಿದಳು. ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು.

ಈಗ ರಾಣೆಬೆನ್ನೂರಿನ ಮನೆಯಲ್ಲಿ ಊಟವಾದ ಮೇಲೆ ದೇವರ ವಾಕ್ಯ ಓದಿ, ಇಬ್ಬರೂ ಎದ್ದು ನಿಂತು ಒಬ್ಬರನ್ನೊಬ್ಬರು ಒಪ್ಪಿಸುತ್ತೇವೆ. ಮೊದಲು ಗುಳಿಗೆ, ಆಮೇಲೆ ದಿಂಡಿನ ಬನಿಯನ್, ಆಮೇಲೆ ಅತ್ತೆಯ ಮಾತು. ಡಾಕ್ಟರ ಹತ್ತಿರ ಹೋಗುವುದನ್ನೂ ತಪ್ಪಿಸಿಲ್ಲ. ಕೈಯಿಂದ ಆಗುವುದನ್ನು ಮಾಡದೆ ಒಪ್ಪಿಸಲಿಕ್ಕೆ ಬರುವುದಿಲ್ಲ. ಭಯ ಪೂರ್ತಿ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಬಂದು ಪಕ್ಕದಲ್ಲಿ ಕೂರುತ್ತದೆ. ಒಂದು ರಾತ್ರಿ ಇಬ್ಬರಲ್ಲಿ ಒಬ್ಬರ ಉಸಿರು ನಿಂತು ತಿರುಗಿ ಬರದೇ ಹೋಗಬಹುದು ಎನ್ನುವುದೂ ಗೊತ್ತಿದೆ. ಅದನ್ನು ನೆನೆದು ಅಳುತ್ತೇನೆ, ಅವರಿಗೂ ಹೇಳಿದ್ದೇನೆ. ಆ ರಾತ್ರಿಯೂ ಅವನದೇ, ಅದರ ಆಚೆಯ ಬೆಳಗೂ ಅವನದೇ ಎಂದು ಅವರು ನನ್ನ ಕೈ ಹಿಡಿದು ಹೇಳಿದರು.

ಕಳೆದ ವಾರ ಮಗಳು ಬಂದು ಉಳಿದಿದ್ದಳು. ಮಲಗಿದ ಮೇಲೆ ಅಪ್ಪನ ಗೊರಕೆ ನಡುವೆ ನಿಂತದ್ದು ಅವಳ ಕೋಣೆಗೂ ಗೊತ್ತಾಗಿರಬೇಕು. ನಮ್ಮ ಬಾಗಿಲು ಸದ್ದಿಲ್ಲದೆ ಸರಿಯಿತು. ಮೊಬೈಲಿನ ಬೆಳಕು ಮೊದಲು ಅವರ ಎದೆಯ ಮೇಲೆ, ಆಮೇಲೆ ನನ್ನ ಎದೆಯ ಮೇಲೆ ಬಿತ್ತು, ಮತ್ತೆ ಅವರ ಕಡೆ ಹೋಯಿತು. ಆ ಬೆಳಕನ್ನು ನಾನು ಚೆನ್ನಾಗಿ ಬಲ್ಲೆ. ಹತ್ತಿಯ ಸಾಲುಗಳಲ್ಲಿ ಒಂದು ದಿನ ನಾನೇ ಹಿಡಿದುಕೊಂಡು ತಿರುಗಿದ್ದೆ. ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಕತ್ತಲೆಯಿಂದ ನನ್ನವರ ದನಿ ಬಂತು.

"ಒಪ್ಪಿಸಿ ಮಲಗೇವಿ ಯವ್ವಾ. ನಿನ್ನೂ ಸೇರಿಸೇವಿ. ಹೋಗಿ ಮಲಕ್ಕೋ."

ಬೆಳಕು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಆರಿತು.